ಬಿಟ್ಟುಕೊಟ್ಟರೂ ಮನೆ ನಿಮ್ಮ ಹೆಸರಲ್ಲೇ ಇರುತ್ತದೆ

ಅಮೆರಿಕದ ಚಾಪ್ಟರ್ 7 (ಸಾಲಗಳ ಹೊಣೆಯಿಂದ ಬಿಡಿಸುವ) ದಿವಾಳಿ ಅರ್ಜಿಯಲ್ಲಿ, ಬಾಡಿಗೆಗೆ ಕೊಟ್ಟ ಮನೆಯನ್ನು ಬ್ಯಾಂಕಿಗೆ ಬಿಟ್ಟುಕೊಡುತ್ತೇನೆ ಅಂತ ಬರೆದರೆ ಅವತ್ತಿಗೇ ಕೈ ತೊಳೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ಇಲ್ಲ. ಅಮೆರಿಕದಲ್ಲಿ ಫೋರ್‌ಕ್ಲೋಷರ್ (ಸಾಲ ಕಟ್ಟದ ಮನೆಯನ್ನು ಬ್ಯಾಂಕು ಮಾರಿಸುವ) ಹರಾಜು ಮುಗಿಯುವ ತನಕ ಮಾಲೀಕರು ನೀವೇ. ಬ್ಯಾಂಕು ಅದನ್ನು ತಿಂಗಳುಗಟ್ಟಲೆ ಎಳೆಯಬಹುದು, ಅವರಿಗೇನು ಅವಸರ! ಸಾಲದ ಹೊಣೆ ಹೋದರೂ, ಅರ್ಜಿ ಹಾಕಿದ ಮೇಲೆ ಬರುವ ಎಚ್‌ಒಎ (ಮನೆ ಮಾಲೀಕರ ಸಂಘದ) ಫೀಸು ನಿಮ್ಮ ತಲೆ ಮೇಲೇ. ಇನ್ಶೂರೆನ್ಸ್ ಸುಮ್ನೆ ನಿಲ್ಲಿಸಬೇಡಿ. ಬಾಡಿಗೆದಾರರು ಮೆಟ್ಟಿಲಲ್ಲಿ ಜಾರಿ ಬಿದ್ದರೆ ಮೊದಲು ಹಿಡಿಯುವುದು ನಿಮ್ಮನ್ನೇ ಅಲ್ವಾ?

ಬಾಡಿಗೆ ದುಡ್ಡನ್ನು ವಕೀಲರನ್ನು ಕೇಳದೆ ಖರ್ಚು ಮಾಡಬೇಡಿ, ಟ್ರಸ್ಟಿಯೋ (ದಿವಾಳಿ ಕೇಸು ನೋಡಿಕೊಳ್ಳುವವರು) ಬ್ಯಾಂಕೋ ಅದನ್ನು ಕೇಳಬಹುದು. ಬಾಡಿಗೆದಾರರಿಗೂ ಈಗಲೇ ವಿಷಯ ಹೇಳಿಬಿಡಿ. ಹರಾಜಾದ ಮೇಲೂ ಅವರನ್ನು ಬಿಡಿಸಬೇಕಾದರೆ ಹೊಸ ಮಾಲೀಕರು ಸಾಮಾನ್ಯವಾಗಿ ಕನಿಷ್ಠ 90 ದಿನದ ನೋಟಿಸ್ ಕೊಡಬೇಕು.