ಓದುಗರ ಪ್ರಶ್ನೆ: ಉಜ್ಬೆಕ್ ಕಲಿಯಲೋ, ರಷ್ಯನ್ನೋ?

ಪ್ರಶ್ನೆ: ಮಗಳು ಎಂಬಿಬಿಎಸ್ ಓದಲು ಸಮರ್ಕಂದಿಗೆ ಹೊರಟಿದ್ದಾಳೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ರೋಗಿಗಳ ಜೊತೆ ಮಾತಾಡಲು ಯಾವ ಭಾಷೆ ಕಲಿಯಬೇಕು? ತುಳು, ಕನ್ನಡದವರಿಗೆ ಯಾವುದು ಸುಲಭ?
– ಓದುಗರು, ಮಂಜೇಶ್ವರ

ಉತ್ತರ: ಉಜ್ಬೆಕ್ಕೇ ಮೊದಲು ಕಲಿಯಲಿ. ಪೇಟೆಯಲ್ಲಿ ರಷ್ಯನ್ ಈಗಲೂ ನಡೆಯುತ್ತದೆ, ಆದರೆ 1989ರಿಂದ ಉಜ್ಬೆಕಿಸ್ತಾನದ ರಾಜ್ಯಭಾಷೆ ಉಜ್ಬೆಕ್. ಅದು ತುರ್ಕಿ ಕುಟುಂಬದ್ದು, ಕನ್ನಡಕ್ಕೂ ಅದಕ್ಕೂ ನಂಟಿಲ್ಲ. ಆದರೂ ವಾಕ್ಯದ ಕಟ್ಟು ನಮ್ಮದರಂತೆಯೇ ಇದೆ. 'ಮೆನ್ ಬಾಜಾರ್‌ದಾನ್ ನಾನ್ ಆಲ್ದಿಮ್' ಅಂದರೆ 'ನಾನು ಬಜಾರಿನಿಂದ ರೊಟ್ಟಿ ತಗೊಂಡೆ'. ಪದಗಳ ಸಾಲು ಅದೇ. 'ದಾನ್' ನಮ್ಮ 'ಇಂದ'ದ ಹಾಗೆ ಪದದ ಕೊನೆಗೆ ಅಂಟುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಲಿಂಗಭೇದವಿಲ್ಲ: ಅವನು, ಅವಳು, ಅದು ಮೂರಕ್ಕೂ 'ಉ'. ರಷ್ಯನ್ನಿನಲ್ಲಾದರೆ ಮೂರು ಲಿಂಗಗಳ ಲೆಕ್ಕ ಇಡಬೇಕು.

'ಸೆನ್' ಅಂದರೆ ನೀನು, 'ಸಿಜ್' ಅಂದರೆ ನೀವು. ರೋಗಿಗೆ ಯಾವಾಗಲೂ 'ಸಿಜ್'. 'ಎಲ್ಲಿ ನೋಯುತ್ತಿದೆ?' ಎಂದು ಕೇಳಲು 'ಕಯೆರಿಂಗಿಜ್ ಒಗ್ರಿಯಾಪ್ತಿ?' ಎನ್ನಬೇಕು, ಮರ್ಯಾದೆಯ ಪ್ರತ್ಯಯ ಅದರಲ್ಲೇ ಸೇರಿದೆ. ಮೊದಲ ಅಕ್ಷರ ನಮ್ಮ 'ಕ' ಅಲ್ಲ, ಗಂಟಲಿನಾಳದಿಂದ ಬರುವಂಥದ್ದು. ಒಂದು ಎಚ್ಚರ: ಹೆಂಗಸರನ್ನು ಅಕ್ಕ ಎಂದು ಕರೆಯಬಾರದು. 'ಅಕಾ' ಎಂದರೆ ಅಲ್ಲಿ ಅಣ್ಣ, ಅಕ್ಕನಿಗೆ 'ಓಪಾ'.

ನಿಜವಾದ ತೊಡಕು ಲಿಪಿಯದ್ದು. 1993ರ ಕಾನೂನು ಲ್ಯಾಟಿನ್ ಲಿಪಿಯನ್ನು ತಂದಿತು, ಆದರೆ ಸೋವಿಯತ್ ಕಾಲದ ಸಿರಿಲಿಕ್ ಇನ್ನೂ ಹೋಗಿಲ್ಲ. ಅಂಗಡಿಯ ಫಲಕದಲ್ಲಿ ಎಚ್-ಓ-ಎಚ್ ಎಂದು ಕಂಡರೆ ಅದು 'ನಾನ್', ರೊಟ್ಟಿ ಮಾರುವ ಜಾಗ. ಸಿರಿಲಿಕ್ಕಿನಲ್ಲಿ ಎಚ್ ಆಕಾರಕ್ಕೆ 'ನ' ಉಚ್ಚಾರ. ಲ್ಯಾಟಿನ್ನಿನಲ್ಲೂ ಮೋಸಹೋಗುವುದುಂಟು: ಬುಖಾರಾ ಬರೆಯುವಾಗ ನಡುವೆ ಎಕ್ಸ್ ಹಾಕುತ್ತಾರೆ, ಅದನ್ನು 'ಕ್ಸ' ಎಂದು ಓದಬಾರದು. ಹೊರಡುವ ಮೊದಲೇ ಎರಡೂ ವರ್ಣಮಾಲೆ ಕೈಯಲ್ಲಿ ಬರೆದು ರೂಢಿ ಮಾಡಿಕೊಳ್ಳಲಿ.

ಸಮರ್ಕಂದಿನಲ್ಲಿ ಬಹಳ ಜನರ ಮನೆಮಾತು ತಾಜಿಕ್, ಪಾರಸಿಯ ಒಂದು ಬಗೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ನಿಮ್ಮೂರಿನ ಹುಡುಗಿಗೆ ಇದು ಹೊಸತೇನಲ್ಲ. ತಾಜಿಕ್ ಆಡುವ ಆ ಜನರಿಗೆ ಸಾಮಾನ್ಯವಾಗಿ ಉಜ್ಬೆಕ್ಕೂ ಬರುತ್ತದೆ.

ಪ್ರಶ್ನೆ: ಬಾಬರ್ ಉಜ್ಬೆಕನೇ?
– ಓದುಗರು, ಅಕ್ಕಲಕೋಟೆ

ಉತ್ತರ: ಹುಟ್ಟಿದ್ದು 1483ರಲ್ಲಿ, ಈಗಿನ ಉಜ್ಬೆಕಿಸ್ತಾನದ ಅಂದಿಜಾನಿನಲ್ಲಿ. ಆತ್ಮಕಥೆ ಬರೆದದ್ದು ಚಗತಾಯ್ ತುರ್ಕಿಯಲ್ಲಿ. ಇಂದಿನ ಉಜ್ಬೆಕ್ ಅದರ ಉತ್ತರಾಧಿಕಾರಿ. ಆದರೆ ಅವನು ತೈಮೂರನ ವಂಶದವನು. ಆ ಕಾಲದಲ್ಲಿ ಉಜ್ಬೆಕರೆಂದರೆ ಶೈಬಾನಿ ಖಾನನ ಕಡೆಯವರು, 1501ರಲ್ಲಿ ಬಾಬರನನ್ನು ಸಮರ್ಕಂದಿನಿಂದ ಓಡಿಸಿದವರು.