ಲ್ಯಾಬ್ ಕಿಟ್‌ನಲ್ಲಿ ಮೋಹನ ರಾಗ

ಪ್ರಶ್ನೆ: ಸರ್, ಹಳೇ ಕಂಪ್ಯೂಟರ್‌ಗಳಿಗೆ ಸೌಂಡ್ ಚಿಪ್ಪೇ ಇರಲಿಲ್ಲವಂತೆ, ಆದರೂ ಹಾಡು ನುಡಿಸುತ್ತಿದ್ದರಂತೆ. ಅದು ಹೇಗೆ? ನಮ್ಮ ಲ್ಯಾಬಿನ 8085 ಮೈಕ್ರೋಪ್ರೊಸೆಸರ್ ಕಿಟ್‌ನಲ್ಲೂ ಆಗುತ್ತಾ?
– ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಧಾರಾಳವಾಗಿ ಆಗುತ್ತಮ್ಮ. ಮೈಸೂರಿನಲ್ಲಿ ಇದೇ ಕಿಟ್ ಮುಂದೆ ನಿಂತು ಪಾಠ ಹೇಳಿದವನು ನಾನು. ಟ್ರಾಫಿಕ್ ಲೈಟ್ ಪ್ರೋಗ್ರಾಮ್ ಅಂದರೆ ಆಕಳಿಸುತ್ತಿದ್ದ ಹುಡುಗರು ಸರಿಗಮ ಅಂದ ಕೂಡಲೇ ನೆಟ್ಟಗೆ ಕೂರುತ್ತಿದ್ದರು.

1975ರ ಆಲ್ಟೇರ್ 8800 ಅನ್ನುವ ಕಂಪ್ಯೂಟರಿಗೆ ಕೀಬೋರ್ಡ್ ಕೂಡ ಇರಲಿಲ್ಲ. ಮುಂಭಾಗದಲ್ಲಿ ಸ್ವಿಚ್ಚು, ಪುಟ್ಟ ದೀಪ, ಅಷ್ಟೇ. ಸ್ಟೀವ್ ಡಾಂಪಿಯರ್ ಅನ್ನುವವರು ಪಕ್ಕದಲ್ಲಿ ರೇಡಿಯೊ ಇಟ್ಟುಕೊಂಡು ಪ್ರೋಗ್ರಾಮ್ ಓಡಿಸಿದಾಗ ರೇಡಿಯೊದಲ್ಲಿ ಏನೇನೋ ಸದ್ದು ಬಂತು. ಯಂತ್ರದಿಂದ ಸೋರುವ ರೇಡಿಯೊ ಅಲೆ ಅದು. ಬೇರೆಯವರಾಗಿದ್ದರೆ ರೇಡಿಯೊ ಎತ್ತಿ ಆಚೆ ಇಡುತ್ತಿದ್ದರು. ಇವರು ಯಾವ ಲೂಪ್‌ಗೆ ಯಾವ ಸ್ವರ ಅಂತ ಹುಡುಕುತ್ತಾ ಕೂತರು. ಆ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನಲ್ಲಿ ಬೀಟಲ್ಸ್ ಹಾಡು ನುಡಿಸಿಯೇ ಬಿಟ್ಟರು!

ನಿನ್ನ ಕಿಟ್‌ಗೆ ರೇಡಿಯೊ ಬೇಡ. 8085ರ 4ನೇ ಪಿನ್ ಎಸ್‌ಒಡಿ, ಅಂದರೆ ಒಂದೊಂದೇ ಬಿಟ್ ಹೊರಗೆ ಕಳಿಸುವ ಪಿನ್. ಅಕ್ಯುಮುಲೇಟರ್‌ಗೆ (ಚಿಪ್ಪಿನ ಮುಖ್ಯ ರಿಜಿಸ್ಟರ್) ಹೆಕ್ಸ್‌ನಲ್ಲಿ ಸಿ0 ಹಾಕಿ ಸಿಮ್ ಅನ್ನುವ ಆದೇಶ ಕೊಟ್ಟರೆ ಪಿನ್‌ನ ವೋಲ್ಟೇಜ್ ಮೇಲೇಳುತ್ತದೆ, 40 ಹಾಕಿ ಕೊಟ್ಟರೆ ಬೀಳುತ್ತದೆ. ಸ್ಪೀಕರ್ ನೇರ ಸಿಕ್ಕಿಸಬೇಡ, ಪಿನ್ ತಡೆಯುವುದಿಲ್ಲ. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಇರಲಿ.

ಸ್ವರ ಅಂದರೆ ಎರಡು ಸಿಮ್ ನಡುವೆ ಎಷ್ಟು ಹೊತ್ತು ಕಾಯುತ್ತೀಯ ಅನ್ನುವುದು. ಕಾಯಲು ಬಿ ಮತ್ತು ಸಿ ರಿಜಿಸ್ಟರ್ ಜೋಡಿಯಲ್ಲಿ ಎಣಿಕೆ ಇಟ್ಟು, ಅದನ್ನು ಸೊನ್ನೆಯವರೆಗೆ ಇಳಿಸುವ ಲೂಪ್ ಬರಿ: ಡಿಸಿಎಕ್ಸ್ (ಒಂದು ಇಳಿಸು), ಮೂವ್, ಓಆರ್‌ಎ (ಎರಡೂ ಸೇರಿ ಸೊನ್ನೆಯೇ ಅಂತ ನೋಡು), ಜೆಎನ್‌ಝಡ್ (ಸೊನ್ನೆಯಲ್ಲದಿದ್ದರೆ ಮತ್ತೆ ಸುತ್ತು). (ಮಧ್ಯದ ಎರಡು ಯಾಕೆ ಅಂದರೆ, ಡಿಸಿಎಕ್ಸ್ ಝೀರೋ ಫ್ಲ್ಯಾಗ್ (ಸೊನ್ನೆ ಬಂತು ಅನ್ನುವ ಗುರುತು) ಮುಟ್ಟುವುದಿಲ್ಲ. ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.) ಒಂದು ಸುತ್ತಿಗೆ 24 ಕ್ಲಾಕ್ ಮಿಡಿತ. ಕಿಟ್ 3.072 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೆ 7.8125 ಮೈಕ್ರೋಸೆಕೆಂಡ್. ಷಡ್ಜವನ್ನು (ಸ) 256 ಹರ್ಟ್ಸ್‌ಗೆ ಇಟ್ಟುಕೋ, ಎರಡು ಸಿಮ್ ನಡುವಿನ ಅರ್ಧ ಕಂಪನಕ್ಕೆ ಸರಿಯಾಗಿ 250 ಸುತ್ತು ಬರುತ್ತದೆ. ನನಗಂತೂ ಈ ಲೆಕ್ಕ ಈಗಲೂ ಖುಷಿ ಕೊಡುತ್ತದೆ. ಮೋಹನ ರಾಗಕ್ಕೆ ಮಿಕ್ಕವು: ರಿ 222, ಗ 200, ಪ 167, ದ 150, ಮೇಲಿನ ಸ 125. ಸಿಮ್‌ಗೂ ಸ್ವಲ್ಪ ಹೊತ್ತು ಹಿಡಿಯುವುದರಿಂದ ಒಂದೆರಡು ಸುತ್ತು ಕಮ್ಮಿ ಮಾಡಿದರೆ ಶ್ರುತಿ ಕೂರುತ್ತದೆ.

ಎಲ್ಲ ಸ್ವರಕ್ಕೂ ಒಂದೇ ಸಂಖ್ಯೆಯ ಕಂಪನ ಕೊಟ್ಟರೆ ತಾಳ ಕೆಡುತ್ತದೆ, ಮೇಲಿನ ಸ ಅರ್ಧ ಹೊತ್ತಿಗೇ ಮುಗಿದುಹೋಗುತ್ತದೆ. ಅರ್ಧ ಸೆಕೆಂಡಿಗೆ ಕೆಳಗಿನ ಸಕ್ಕೆ 128 ಕಂಪನ ಸಾಕು, ಮೇಲಿನದಕ್ಕೆ 256 ಬೇಕು.

ಇಷ್ಟಾದ ಮೇಲೂ ಸಪ್ಪೆಯಾಗಿಯೇ ಕೇಳುತ್ತದೆ, ಗಮಕ (ಸ್ವರದ ಓಲಾಟ) ಇಲ್ಲವಲ್ಲ! ಸದ್ದು ಜಾಸ್ತಿ ಕಮ್ಮಿ ಮಾಡಲು ಈ ಪಿನ್‌ನಲ್ಲಿ ಸುಲಭದ ದಾರಿ ಇಲ್ಲ. ಆದರೆ ಜಾರು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ, ಸಾಧ್ಯ. ಒಂದೊಂದು ಕಂಪನಕ್ಕೂ ಎಣಿಕೆಯನ್ನು ಒಂದೊಂದೇ ಇಳಿಸುತ್ತಾ 200ರಿಂದ 167ಕ್ಕೆ ಬಾ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಗಾಂಧಾರದಿಂದ ಪಂಚಮಕ್ಕೆ ಜಾರುತ್ತದೆ. ಕಂಪಿತಕ್ಕೆ (ಸ್ವರವನ್ನು ಅಲುಗಿಸುವ ಗಮಕ) ಅದೇ ಎಣಿಕೆಯನ್ನು ಹಿಂದೆ ಮುಂದೆ ಆಡಿಸಬೇಕು. ಅದನ್ನು ಬರೆದಾದ ಮೇಲೆ ಕೋಡ್ ನನಗೂ ಕಳಿಸು.