ಸಿಹಿ ಹೆಚ್ಚಾದರೆ ಉಪ್ಪು ಸೇರಿಸಬಹುದೇ?

ಪ್ರಶ್ನೆ: ಗೆಳತಿ ಬರೆದುಕೊಟ್ಟ ಟೊಮೆಟೊ ಸಾಸನ್ನು ಅವರು ಹೇಳಿದ ಅಳತೆಯಲ್ಲೇ ಮಾಡಿದರೂ ಅದು ಒಮ್ಮೆ ಅತಿ ಸಿಹಿಯಾಗುತ್ತದೆ, ಇನ್ನೊಮ್ಮೆ ಉಪ್ಪಾಗುತ್ತದೆ. ಸಿಹಿ ಹೆಚ್ಚಾದಾಗ ಉಪ್ಪು ಹಾಕಿ ಸರಿಪಡಿಸಬಹುದೇ?

ಉತ್ತರ: ಬೇಡ. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತದೆ. ಈ ಕೆಲಸಕ್ಕೆ ಹುಳಿಯೇ ತಕ್ಕದ್ದು: ಕೆಲವೇ ಹನಿ ನಿಂಬೆರಸ ಹಿಂಡಿ, ಕಲಕಿ, ರುಚಿ ನೋಡಿದ ಮೇಲಷ್ಟೇ ಇನ್ನೂ ಬೇಕೇ ಎಂದು ತೀರ್ಮಾನಿಸಿ.

ಉಪ್ಪಾಗುವುದಕ್ಕೆ ಕಾರಣ ಬಹುಶಃ ಚಮಚದಲ್ಲಿದೆ. ಪುಡಿ ಉಪ್ಪಿನ ಕಣಗಳು ಒತ್ತೊತ್ತಾಗಿ ಕೂರುವುದರಿಂದ, ಒಂದು ಚಮಚ ಪುಡಿ ಉಪ್ಪು ಅದೇ ಚಮಚದ ಹರಳುಪ್ಪಿಗಿಂತ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಗೆಳತಿ ಬಳಸುವುದು ಯಾವುದೆಂದು ಕೇಳಿ, ಸಾಧ್ಯವಾದರೆ ಗ್ರಾಂ ಲೆಕ್ಕದಲ್ಲೇ ಬರೆಸಿಕೊಳ್ಳಿ. (‘ರುಚಿಗೆ ತಕ್ಕಷ್ಟು’ ಎಂದು ಬರೆದು ಕೈತೊಳೆದುಕೊಳ್ಳುವವರ ಮೇಲೆ ನನಗೆ ಕೊಂಚ ಅಸಮಾಧಾನವಿದೆ.) ಅಲ್ಲದೆ, ಸಾಸ್ ಕುದಿದು ಅರ್ಧಕ್ಕೆ ಇಳಿದಾಗ ಆವಿಯಾಗುವುದು ನೀರೇ ಹೊರತು ಉಪ್ಪಾಗಲಿ ಸಕ್ಕರೆಯಾಗಲಿ ಅಲ್ಲವಾದ್ದರಿಂದ, ಎರಡೂ ಸುಮಾರು ಇಮ್ಮಡಿ ಗಾಢವಾಗುತ್ತವೆ, ಹಾಗಾಗಿ ಮೊದಲೇ ಪೂರ್ತಿ ಉಪ್ಪು ಹಾಕದೆ, ಒಲೆ ಆರಿಸುವ ಮುನ್ನ ಹದ ನೋಡಿ. ತಣ್ಣಗೆ ಬಡಿಸುವುದಾದರೆ ಆರಿದ ಮೇಲೂ ಒಮ್ಮೆ ನೋಡಿ, ಏಕೆಂದರೆ ತಣ್ಣಗಾದಷ್ಟೂ ಸಿಹಿ ನಾಲಿಗೆಗೆ ಮಂಕಾಗಿ ತೋರುತ್ತದೆ.